ಹಳದಿ ಹೂವಿನ ದತ್ತೂರಿ: ಗುರುತಿಸೋಣ, ದೂರವಿಡೋಣ



ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ನಮಗೆಲ್ಲ ಪರಿಚಿತವಾದ ಹಳದಿ ಹೂವಿನ ಮುಳ್ಳುಗಿಡವೇ ದತ್ತೂರಿ. ಮರಾಠಿಯಲ್ಲಿ ಪಿವಳಾ ಧೋತ್ರಾ. ಇದು ಮೂಲತಃ ಮೆಕ್ಸಿಕೋ ಕಡೆಯದು. ಪಾಳುಭೂಮಿ, ರಸ್ತೆಬದಿ, ಹೊಲದ ಬದು, ಹೊಳೆದಂಡೆಯ ಮರಳುನೆಲ ಇದಕ್ಕೆ ಇಷ್ಟ. ಹಿಂಗಾರಿ ಬೆಳೆಯ ನಡುವೆಯೂ ಏಳುತ್ತದೆ.

ಗುರುತುಗಳು: ಎಲೆಯ ಅಂಚಿಗೆ ಮುಳ್ಳು, ನರಗಳ ಗುಂಟ ಬಿಳಿ ಗೆರೆ. ದಂಟು ಮುರಿದರೆ ಹಳದಿ ಹಾಲು ಬರುತ್ತದೆ. ಮುಳ್ಳುಕಾಯಿಯೊಳಗೆ ಸಾಸಿವೆಯಂಥ ಕಪ್ಪು ಬೀಜಗಳಿರುತ್ತವೆ.

ಅಪಾಯವಿರುವುದು ಈ ಬೀಜದಲ್ಲಿ. ಇದರ ಎಣ್ಣೆ ಅಡುಗೆ ಎಣ್ಣೆಯಲ್ಲಿ ಬೆರೆತರೆ ಕಾಲು ಬಾವು, ಭೇದಿ, ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತವೆ. ಹೃದಯ ದುರ್ಬಲವಾಗುತ್ತದೆ, ಕಣ್ಣಿಗೂ ಹಾನಿಯಾಗಬಹುದು. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯಿಂದ 60ಕ್ಕೂ ಹೆಚ್ಚು ಜನ ಸತ್ತರು.

ಮನೆಯಲ್ಲೇ ಪರೀಕ್ಷಿಸಬಹುದು. ಸಾಸಿವೆ ಕಾಳು ನುಣುಪು, ಒತ್ತಿ ಒಡೆದರೆ ಒಳಗೆ ಹಳದಿ. ದತ್ತೂರಿ ಬೀಜ ಒರಟು, ಒಳಗೆ ಬಿಳಿ. ಸಂಶಯ ಬಂದ ಕಾಳನ್ನು ಒಗ್ಗರಣೆಗೂ ಬಳಸಬೇಡಿ, ಗಾಣಕ್ಕೂ ಕೊಡಬೇಡಿ. ಬಿಡಿ ಎಣ್ಣೆ ಕೊಳ್ಳುವಾಗ ಎಚ್ಚರವಿರಲಿ. ಮನೆಯಲ್ಲಿ ಹಲವರಿಗೆ ಒಟ್ಟಿಗೆ ಕಾಲು ಬಾತರೆ ಆ ಎಣ್ಣೆಯನ್ನು ಕೂಡಲೇ ನಿಲ್ಲಿಸಿ; ಸ್ವಲ್ಪ ಎಣ್ಣೆಯನ್ನು ಶೀಶೆಯಲ್ಲಿ ತೆಗೆದುಕೊಂಡು ವೈದ್ಯರಲ್ಲಿಗೆ ಹೋಗಿ.

ಯೇಸುಸ್ವಾಮಿಯ ಸಾಮತಿಯಲ್ಲಿ ಕಳೆಯನ್ನು ಸುಗ್ಗಿಯವರೆಗೆ ಬಿಡುತ್ತಾರೆ. ಈ ಕಳೆಯನ್ನು ಮಾತ್ರ ಅಲ್ಲಿಯವರೆಗೆ ಬಿಡಬಾರದು. ಕಾಯಿ ಬಲಿತು ಬಿರಿದರೆ ಬೀಜ ಹೊಲವೆಲ್ಲ ಚೆಲ್ಲುತ್ತದೆ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಹೂ ಬಿಡುವ ಮೊದಲೇ ಬೇರುಸಹಿತ ಕಿತ್ತುಹಾಕೋಣ.