ಸಾಮಾನು ಕಡಿಮೆ, ಅಡುಗೆ ಹೆಚ್ಚು

ಕಾಲೇಜು ಶುರುವಾಗಿ ಒಂದೆರಡು ತಿಂಗಳಾಗುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಹಬ್ಬದಡುಗೆಯ ಪ್ರಶ್ನೆಗಳು ಹಿಂದೆ ಸರಿದು ಮೆಸ್ ಬಿಲ್ಲು, ರೂಮಿನ ಸ್ಟವ್, ಕೊಳೆತ ಟೊಮೆಟೊ ಮುಂದೆ ಬರುತ್ತವೆ. ಈ ಸಲ ಇಡೀ ಪುಟ ಅಂಥ ಪತ್ರಗಳಿಗೇ ಮೀಸಲು.

ಪ್ರಶ್ನೆ: ನಾವು ಮೂವರು ಗೆಳೆಯರು ರೂಮ್ ಮಾಡಿದ್ದೇವೆ. ಗ್ಯಾಸ್, ಕುಕ್ಕರ್ ಇವೆ. ಮಧ್ಯಾಹ್ನ ಮೆಸ್ ಊಟ. ಬೆಳಿಗ್ಗೆ ಮತ್ತು ರಾತ್ರಿ ನಮ್ಮದೇ ಅಡುಗೆ. ಮೊದಲ ತಿಂಗಳು ಕಂಡದ್ದೆಲ್ಲ ತಂದೆವು, ಅರ್ಧಕ್ಕೆ ಹುಳ ಹಿಡಿಯಿತು. ತಿಂಗಳಿಗೆ ನಿಜವಾಗಿ ಎಷ್ಟು ಕಿರಾಣಿ ಬೇಕು?
— ಬಿ.ಎಸ್ಸಿ. ವಿದ್ಯಾರ್ಥಿ, ಧಾರವಾಡ

ಉತ್ತರ: ಚೀಟಿ ಬರೆಯುವ ಮೊದಲು ಹೊಟ್ಟೆಯ ಲೆಕ್ಕ ಹಾಕಿ. ಒಬ್ಬರಿಗೆ ಒಂದು ಹೊತ್ತಿನ ಊಟಕ್ಕೆ 100 ಗ್ರಾಂ ಅಕ್ಕಿ ಸಾಕು. ಮೂವರಿಗೆ ರಾತ್ರಿ 300 ಗ್ರಾಂ ಎಂದರೆ ತಿಂಗಳಿಗೆ 9 ಕಿಲೊ. ನೆಂಟರು ಬರುವುದನ್ನೂ ಸೇರಿಸಿ 10 ಕಿಲೊ ಅನ್ನಿ. ತಿಂಡಿಗೆ ಒಬ್ಬರಿಗೆ 75 ಗ್ರಾಂ ಅವಲಕ್ಕಿ ಅಥವಾ ರವೆ ಹಿಡಿದರೂ, ದಿನ ಬಿಟ್ಟು ದಿನ ಮಾಡಿದರೆ ಎರಡೂ ತಲಾ ಮೂರೂವರೆ ಕಿಲೊದೊಳಗೆ ಮುಗಿಯುತ್ತವೆ. ಬೇಳೆ ಒಬ್ಬರಿಗೆ 30 ಗ್ರಾಂ. ತಿಂಗಳಲ್ಲಿ ಇಪ್ಪತ್ತು ದಿನ ಬೇಳೆಯ ಅಡುಗೆ, ಹತ್ತು ದಿನ ಕಾಳಿನದು ಎಂದಿಟ್ಟುಕೊಂಡರೆ ತೊಗರಿಬೇಳೆ 2 ಕಿಲೊ, ಹೆಸರುಕಾಳು–ಕಡಲೆಕಾಳು ಸೇರಿ ಒಂದೂವರೆ ಕಿಲೊ. ಇದರ ಮೇಲೆ ಶೇಂಗಾ 1 ಕಿಲೊ, ಎಣ್ಣೆ 2 ಲೀಟರ್, ಹುಣಸೆಹಣ್ಣು ಕಾಲು ಕಿಲೊ, ಬೆಲ್ಲ ಅರ್ಧ ಕಿಲೊ. ಸಾಸಿವೆ, ಜೀರಿಗೆ, ಒಣಮೆಣಸಿನಕಾಯಿ ತಲಾ 100 ಗ್ರಾಂ. ಉಪ್ಪು, ಅರಿಶಿಣ, ಇಂಗು, ಒಂದು ಪೊಟ್ಟಣ ಸಾರಿನ ಪುಡಿ. ಇಷ್ಟೇ. ರವೆಯನ್ನು ತಂದ ದಿನವೇ ಹಸಿ ವಾಸನೆ ಹೋಗುವವರೆಗೆ ಹುರಿದು, ಆರಿಸಿ ಡಬ್ಬಿಗೆ ತುಂಬಿಡಿ. ಹುಳವೂ ಬೇಗ ಹಿಡಿಯದು, ಬೆಳಗಿನ ಉಪ್ಪಿಟ್ಟೂ ಹತ್ತು ನಿಮಿಷದಲ್ಲಿ ಆಗುತ್ತದೆ.

ಸಾಮಾನು ಕಡಿಮೆಯಾದರೆ ದಿನಾ ಒಂದೇ ಊಟ ಎಂಬ ಭಯ ಬೇಡ. ಬೇಳೆಗೆ ಅರಿಶಿಣ, ನಾಲ್ಕು ಹನಿ ಎಣ್ಣೆ ಬಿಟ್ಟು ನೀರು ಸ್ವಲ್ಪ ಹೆಚ್ಚೇ ಹಾಕಿ ಬೇಯಿಸಿ. ಮೇಲಿನ ತಿಳಿಯಾದ ಕಟ್ಟನ್ನು ಬಸಿದು ಹುಣಸೆರಸ, ಸಾರಿನ ಪುಡಿ, ಚೂರು ಬೆಲ್ಲ ಹಾಕಿ ಕುದಿಸಿದರೆ ಕಟ್ಟಿನ ಸಾರು. ತಳದಲ್ಲಿ ಉಳಿದ ಗಟ್ಟಿ ಬೇಳೆಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಲಿಂಬೆ ಹಿಂಡಿದರೆ ತೊವ್ವೆ. ಮರುದಿನ ಹೊಸದಾಗಿ ಬೇಯಿಸುವಾಗ ಒಂದು ತರಕಾರಿ ಜೊತೆಗೂಡಿದರೆ ಹುಳಿ. ಬೇಳೆ ಒಂದೇ, ಅಡುಗೆ ಮೂರು. ರೊಟ್ಟಿ ಬಡಿಯಲು ಬಾರದಿದ್ದರೆ ಅದರ ಗೊಡವೆಗೆ ಹೋಗಬೇಡಿ. ನಿಮ್ಮ ಊರಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ತೇವ ತಾಗದಂತೆ ಇಟ್ಟರೆ ಆ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಮೊಸರು, ಶೇಂಗಾ ಚಟ್ನಿಪುಡಿ, ಹಸಿ ಉಳ್ಳಾಗಡ್ಡಿ ಇದ್ದರೆ ಪರೀಕ್ಷೆಯ ರಾತ್ರಿಗೆ ಒಲೆಯೇ ಬೇಡ.

ಪ್ರಶ್ನೆ: ಪಿ.ಜಿ.ಯಲ್ಲಿ ಗ್ಯಾಸ್ ಇಡುವಂತಿಲ್ಲ. ಎಲೆಕ್ಟ್ರಿಕ್ ಕೆಟಲ್ ಸಾಕೇ, ಇಂಡಕ್ಷನ್ ಸ್ಟವ್ ಕೊಳ್ಳಬೇಕೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಮೊದಲು ಮಾಲೀಕರನ್ನು ಕೇಳಿ, ಆಮೇಲೆ ಗೋಡೆಯ ಸಾಕೆಟ್ ನೋಡಿ. ಸಣ್ಣ ರಂಧ್ರಗಳ ಮಾಮೂಲಿ ಸಾಕೆಟ್ 6 ಆಂಪಿಯರ್‌ನದು. ಸುಮಾರು 1,300 ವಾಟ್‌ಗಿಂತ ಹೆಚ್ಚಿನ ಹೊರೆ ಅದಕ್ಕಲ್ಲ. ಇಂಡಕ್ಷನ್ ಸ್ಟವ್ 1,600ರಿಂದ 2,000 ವಾಟ್, ಬಹುತೇಕ ಕೆಟಲ್‌ಗಳು 1,500 ವಾಟ್. ಗೀಸರ್‌ಗೆ ಇರುವಂಥ 16 ಆಂಪಿಯರ್ ದಪ್ಪ ಸಾಕೆಟ್ ಇಲ್ಲದ ಕೋಣೆಯಲ್ಲಿ ಇವನ್ನು ಅಡಾಪ್ಟರ್ ಸಿಕ್ಕಿಸಿ ಓಡಿಸಿದರೆ ಪ್ಲಗ್ ಸುಟ್ಟು ಕರಗುತ್ತದೆ. ಚಿಕ್ಕ ರೈಸ್ ಕುಕ್ಕರ್‌ಗೆ 400ರಿಂದ 700 ವಾಟ್ ಸಾಕು. ನಿಮಗೆ ನನ್ನ ಶಿಫಾರಸು ಅದೇ. ನೀರು ಇಂಗುವವರೆಗೆ ಪಾತ್ರೆಯ ಬಿಸಿ 100 ಡಿಗ್ರಿ ದಾಟದು. ನೀರು ಮುಗಿದು ಬಿಸಿ ಏರಿದ ಕೂಡಲೇ ತಳದ ಆಯಸ್ಕಾಂತದ ಹಿಡಿತ ಸಡಿಲಿ ಸ್ವಿಚ್ ತಾನಾಗಿ ಮೇಲೆ ಹಾರುತ್ತದೆ. ನೀವು ಓದುತ್ತ ಕೂತಿರಬಹುದು.

ಅದರಲ್ಲಿ ಮೊದಲು ಹೆಸರುಬೇಳೆ ಹುಗ್ಗಿ ಮಾಡಿ. ಅರ್ಧ ಕಪ್ ಅಕ್ಕಿ, ಕಾಲು ಕಪ್ ಹೆಸರುಬೇಳೆ ತೊಳೆದು ಮೂರು ಕಪ್ ನೀರು, ಜೀರಿಗೆ, ಜಜ್ಜಿದ ಮೆಣಸು, ಶುಂಠಿ, ಚಿಟಿಕೆ ಅರಿಶಿಣ, ಉಪ್ಪು ಹಾಕಿ ಸ್ವಿಚ್ ಒತ್ತಿ. ಪಾತ್ರೆಯ ಅರ್ಧಕ್ಕಿಂತ ಮೇಲೆ ತುಂಬಬೇಡಿ, ಬೇಳೆಯ ನೊರೆ ಉಕ್ಕುತ್ತದೆ. ತಿನ್ನುವಾಗ ಒಂದು ಚಮಚ ತುಪ್ಪ. ಕುಕ್ಕರ್ ಕೂಡ ಬೇಡವೆನಿಸಿದ ದಿನ ತೆಳು ಅವಲಕ್ಕಿಗೆ ಮೊಸರು, ಉಪ್ಪು, ಹಸಿಮೆಣಸು ಕಲಸಿ. ಇಲ್ಲವೇ ಎರಡು ಗಂಟೆ ನೆನೆದ ಹೆಸರುಬೇಳೆಗೆ ಸೌತೆಕಾಯಿ, ತೆಂಗಿನತುರಿ, ಲಿಂಬೆರಸ ಸೇರಿಸಿ ಕೋಸಂಬರಿ ಮಾಡಿಕೊಳ್ಳಿ.

ಸ್ವಂತ ರೂಮಿನಲ್ಲಿರುವವರಿಗೆ ಇನ್ನೊಂದು ಮಾತು. ತೈಲ ಕಂಪನಿಗಳ 5 ಕಿಲೊ ಸಿಲಿಂಡರನ್ನು ವಿಳಾಸದ ದಾಖಲೆ ಇಲ್ಲದೆ, ಗುರುತಿನ ಚೀಟಿ ತೋರಿಸಿ ಏಜೆನ್ಸಿಗಳಲ್ಲಿ ಕೊಳ್ಳಬಹುದು. ದೊಡ್ಡ ಸಿಲಿಂಡರ್‌ನಿಂದ ಚಿಕ್ಕದಕ್ಕೆ ಗ್ಯಾಸ್ ತುಂಬಿಕೊಡುವ ಗಲ್ಲಿಯ ಅಂಗಡಿಗೆ ಮಾತ್ರ ಹೋಗಬೇಡಿ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ಪ್ರಶ್ನೆ: ನಮ್ಮಲ್ಲಿ ಫ್ರಿಜ್ ಇಲ್ಲ. ಭಾನುವಾರ ತಂದ ತರಕಾರಿ ಬುಧವಾರಕ್ಕೆ ಕಸದ ಬುಟ್ಟಿ ಸೇರುತ್ತದೆ. ಏನು ಮಾಡಲಿ?
— ಬಿ.ಕಾಂ. ವಿದ್ಯಾರ್ಥಿನಿ, ಮೈಸೂರು

ಉತ್ತರ: ತರಕಾರಿಗಳಿಗೂ ಸರತಿ ಇದೆ. ಸೊಪ್ಪು ತಂದ ದಿನವೇ, ಹೆಚ್ಚೆಂದರೆ ಮರುದಿನ. ಬೆಂಡೆ, ಹುರುಳಿಕಾಯಿ, ಬದನೆ ಎರಡು–ಮೂರನೆಯ ದಿನ. ಎಲೆಕೋಸು, ಸೀಮೆಬದನೆ, ಕ್ಯಾರೆಟ್ ವಾರದ ನಡುವೆ. ಕುಂಬಳ, ಆಲೂಗಡ್ಡೆ, ಈರುಳ್ಳಿ ಕೊನೆಗೆ. ಭಾನುವಾರ ಎಲ್ಲವನ್ನೂ ತರುವ ಬದಲು ಭಾನುವಾರ, ಗುರುವಾರ ಎಂದು ಎರಡು ಕಂತಿನಲ್ಲಿ ತನ್ನಿ. ಟೊಮೆಟೊ ಅರ್ಧ ಹಣ್ಣು, ಅರ್ಧ ದೋರೆಗಾಯಿ ಆರಿಸಿಕೊಳ್ಳಿ. ಈರುಳ್ಳಿ ಮತ್ತು ಆಲೂಗಡ್ಡೆಯನ್ನು ಒಂದೇ ಬುಟ್ಟಿಯಲ್ಲಿ ಇಡಬೇಡಿ, ಬೇಗ ಕೆಡುತ್ತವೆ. ಹಸಿಮೆಣಸಿನ ತೊಟ್ಟು ಬಿಡಿಸಿ ಕಾಗದದಲ್ಲಿ ಸುತ್ತಿ. ಕೊತ್ತಂಬರಿ ಕಟ್ಟನ್ನು ಬೇರು ಮುಳುಗುವಷ್ಟು ನೀರಿರುವ ಲೋಟದಲ್ಲಿ ನಿಲ್ಲಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಟ್ಟ ತರಕಾರಿ ತನ್ನ ಬೆವರಿನಲ್ಲೇ ಕೊಳೆಯುತ್ತದೆ. ಬಂದ ಕೂಡಲೇ ಬಿಚ್ಚಿ ಹರಡಿ.

ಎಲ್ಲಿ ಕೊಳ್ಳುವುದೆಂದರೆ, ಹಾಪ್‌ಕಾಮ್ಸ್ ಮಳಿಗೆಯಲ್ಲಿ ದರದ ಬೋರ್ಡ್ ಇರುತ್ತದೆ, ತೂಕದ ಚಿಂತೆ ಇಲ್ಲ, ಎರಡೇ ಕ್ಯಾರೆಟ್ ಕೇಳಿದರೂ ಕೊಡುತ್ತಾರೆ. ಸಂತೆ, ತಳ್ಳುಗಾಡಿಗಳಲ್ಲಿ ಕತ್ತಲಾಗುವ ಹೊತ್ತಿಗೆ ಸೊಪ್ಪಿನ ಬೆಲೆ ಇಳಿಯುತ್ತದೆ. ಅಂದು ರಾತ್ರಿಯೇ ಬೇಯಿಸುವುದಾದರೆ ಅದು ಲಾಭ.

ಆ ಸೊಪ್ಪಿಗೆ ಹಳೇ ಮೈಸೂರಿನ ಬಸ್ಸಾರಿಗಿಂತ ಅಗ್ಗದ ದಾರಿ ಇಲ್ಲ. ಒಂದು ಕಪ್ ಹೆಸರುಕಾಳನ್ನು ತೀರಾ ಮೆತ್ತಗಾಗದಂತೆ ಬೇಯಿಸಿ. ಹೆಚ್ಚಿದ ದಂಟಿನ ಸೊಪ್ಪು ಹಾಕಿ ಐದು ನಿಮಿಷ ಕುದಿಸಿ, ನೀರು ಬಸಿಯಿರಿ. ಬಸಿದ ನೀರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನತುರಿ, ಸಾರಿನ ಪುಡಿ, ಹುಣಸೆ ಮತ್ತು ಒಂದು ಹಿಡಿ ಬೆಂದ ಕಾಳು ರುಬ್ಬಿ ಹಾಕಿದರೆ ಸಾರು. ಮಿಕ್ಸಿ ಇಲ್ಲದಿದ್ದರೆ ಬೆಳ್ಳುಳ್ಳಿ ಜಜ್ಜಿ, ಕಾಳನ್ನು ಸೌಟಿನಲ್ಲೇ ಮಸೆಯಿರಿ. ಉಳಿದ ಸೊಪ್ಪು–ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಪಾತ್ರೆ, ಎರಡು ಅಡುಗೆ, ಬೇಯಿಸಿದ ನೀರೂ ವ್ಯರ್ಥವಿಲ್ಲ.

ಪ್ರಶ್ನೆ: ಜಿಮ್‌ಗೆ ಸೇರಿದ್ದೇನೆ, ತೂಕ 60 ಕಿಲೊ. ಶುದ್ಧ ಸಸ್ಯಾಹಾರಿ. ಪ್ರೋಟೀನ್ ಪುಡಿ ಕೊಳ್ಳಲೇಬೇಕು ಎನ್ನುತ್ತಾರೆ, ಅಷ್ಟು ದುಡ್ಡಿಲ್ಲ.
— ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಂತೆ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೊಗೆ 0.83 ಗ್ರಾಂ ಪ್ರೋಟೀನ್ ಬೇಕು. ನಿಮಗೆ ಅದು ಸುಮಾರು 50 ಗ್ರಾಂ. ಕಸರತ್ತು ಮಾಡುವವರಿಗೆ ಇನ್ನಷ್ಟು ಇದ್ದರೆ ಒಳ್ಳೆಯದು. ಈಗ ಕಿರಾಣಿ ಅಂಗಡಿಯ ಲೆಕ್ಕ ನೋಡಿ. ದಿನಕ್ಕೆ 100 ಗ್ರಾಂ ಬೇಳೆ–ಕಾಳಿನಲ್ಲಿ 22 ಗ್ರಾಂ ಪ್ರೋಟೀನ್. 50 ಗ್ರಾಂ ಶೇಂಗಾದಲ್ಲಿ 12 ಗ್ರಾಂ. ಅರ್ಧ ಲೀಟರ್ ಹಾಲು ಅಥವಾ ಮೊಸರಿನಲ್ಲಿ 15 ಗ್ರಾಂ. ಅಲ್ಲಿಗೆ 49. ಅನ್ನ, ಅವಲಕ್ಕಿ, ರೊಟ್ಟಿಯದ್ದು ಸೇರಿದರೆ 60 ದಾಟುತ್ತದೆ. ಹಾಲು ದುಬಾರಿ ಎನಿಸಿದರೆ ಸೋಯಾ ಚಂಕ್ಸ್ ತನ್ನಿ. ಒಣ ಚಂಕ್ಸ್‌ನ ಅರ್ಧದಷ್ಟು ತೂಕ ಪ್ರೋಟೀನೇ. 25 ಗ್ರಾಂ ಬಿಸಿನೀರಲ್ಲಿ ನೆನೆಸಿ, ಹಿಂಡಿ, ಪಲಾವಿಗೋ ಪಲ್ಯಕ್ಕೋ ಹಾಕಿ. ಮೊಟ್ಟೆ ತಿನ್ನುವ ಗೆಳೆಯರಿದ್ದರೆ ಒಂದು ಮೊಟ್ಟೆಗೆ 6 ಗ್ರಾಂ ಎಂದು ಹೇಳಿ.

ಕಾಳುಗಳಲ್ಲಿ ಹುರುಳಿಯನ್ನು ಮರೆಯಬೇಡಿ. ರಾತ್ರಿ ನೆನೆಸಿ, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ. ಬೇಯಿಸಿದ ನೀರು ಸಾರಿಗೆ, ಕಾಳು ಉಸಲಿಗೆ. ಮೊಳಕೆಯನ್ನು ಹಸಿಯಾಗಿ ತಿನ್ನುವುದಕ್ಕಿಂತ ಒಂದು ಕುದಿ ಕುದಿಸಿ ತಿನ್ನುವುದು ಹೊಟ್ಟೆಗೆ ಕ್ಷೇಮ. ಇಷ್ಟನ್ನು ಮೂರು ತಿಂಗಳು ತಪ್ಪದೆ ತಿಂದು ನೋಡಿ, ಪುಡಿಯ ವಿಚಾರ ಆಮೇಲೆ.

ಪ್ರಶ್ನೆ: ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುತ್ತೇವೆ. ಬೇಸಿಗೆಯಲ್ಲಿ ಹೊಟ್ಟೆ ಕೆಟ್ಟಿತು. ಅನ್ನ ಹಳಸಿರಲಿಲ್ಲ, ವಾಸನೆಯೂ ಇರಲಿಲ್ಲ. ಹಾಗಿದ್ದರೆ ತಪ್ಪೇನು?
— ಬಿ.ಎ. ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಬೆಚ್ಚಗಿನ ಅನ್ನ ರಾತ್ರಿಯಿಡೀ ಹೊರಗಿದ್ದರೆ ಅಲ್ಲಿ ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ, ಒಗ್ಗರಣೆ ಹಾಕಿದರೂ ಹೋಗದು. ಮೂಗಿಗೂ ಸಿಗದು. ಫ್ರಿಜ್ ಇದ್ದರೆ ಉಳಿದ ಅನ್ನವನ್ನು ಅಗಲವಾದ ಡಬ್ಬಿಗೆ ಹರಡಿ ಎರಡು ಗಂಟೆಯೊಳಗೆ ಒಳಗಿಟ್ಟು ಮರುದಿನವೇ ಮುಗಿಸಿ. ಇಲ್ಲದಿದ್ದರೆ ಉಳಿಯದಂತೆ ಅಳೆದು ಮಾಡುವುದೊಂದೇ ಉಪಾಯ. ಒಂದು ಲೋಟ ಗುರುತು ಮಾಡಿಟ್ಟುಕೊಂಡು ದಿನಾ ಅದರಲ್ಲೇ ಅಕ್ಕಿ ಅಳೆಯಿರಿ. ಚಿತ್ರಾನ್ನಕ್ಕೆ ತಂಗಳನ್ನವೇ ಬೇಕೆಂದಿಲ್ಲ. ಬೆಳಿಗ್ಗೆ ತುಸು ಉದುರಾಗಿ ಅನ್ನ ಮಾಡಿ, ತಟ್ಟೆಗೆ ಹರಡಿ, ಒಂದು ಚಮಚ ಎಣ್ಣೆ ಸವರಿ ಹತ್ತು ನಿಮಿಷ ಆರಲು ಬಿಡಿ. ಅಗುಳು ಬಿಡಿಬಿಡಿಯಾಗಿ ನಿಲ್ಲುತ್ತದೆ.

ಪ್ರಶ್ನೆ: ಮಗಳು ಮಂಗಳೂರಿನಲ್ಲಿ ಹಾಸ್ಟೆಲ್ ಬಿಟ್ಟು ರೂಮ್ ಮಾಡಿದ್ದಾಳೆ. ಊರಿನಿಂದ ಏನು ಕಟ್ಟಿ ಕಳಿಸಲಿ?
— ಒಬ್ಬ ತಾಯಿ, ಹಾಸನ

ಉತ್ತರ: ಕೋಡುಬಳೆ, ಚಕ್ಕುಲಿ ಬೇಡ ಎನ್ನಲಾರೆ ತಾಯಿ, ಆದರೆ ಅವು ಬಸ್ ಇಳಿದ ರಾತ್ರಿಯೇ ರೂಮ್‌ಮೇಟ್‌ಗಳ ಪಾಲಾಗುತ್ತವೆ. ಅಡುಗೆಗೆ ಒದಗುವುದನ್ನು ಕಳಿಸಿ. ಮನೆಯ ಸಾರಿನ ಪುಡಿ, ಹುಳಿಪುಡಿ, ಪುಳಿಯೋಗರೆ ಗೊಜ್ಜು, ಹುರಿಗಡಲೆ ಚಟ್ನಿಪುಡಿ. ಜೊತೆಗೆ ಅರಳಿಸಿ ಬೀಸಿದ ರಾಗಿಯ ಹುರಿಹಿಟ್ಟು. ಅದಕ್ಕೆ ಹಾಲು, ಬೆಲ್ಲ, ಕಾಯಿತುರಿ ಕಲಸಿದರೆ ಬೇಯಿಸದೆಯೇ ತಿಂಡಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಆ ವಯಸ್ಸಿನ ಹೆಣ್ಣುಮಕ್ಕಳಿಗೆ ಅದು ಬೇಕು. ಕರಾವಳಿಯ ತೇವಕ್ಕೆ ಪುಡಿಗಳು ಗಂಟು ಕಟ್ಟುತ್ತವೆ. ಒಂದು ದೊಡ್ಡ ಡಬ್ಬಿಯ ಬದಲು ನಾಲ್ಕು ಚಿಕ್ಕ ಡಬ್ಬಿಗಳಲ್ಲಿ ತುಂಬಿ. ಒಣಕೊಬ್ಬರಿ ಹಾಕಿದ ಪುಡಿ ಬೇಗ ಕಮಟಾಗುತ್ತದೆ, ಸ್ವಲ್ಪವೇ ಕಳಿಸಿ.

ಪ್ರಶ್ನೆ: 20ನೇ ತಾರೀಕಿಗೆ ಜೇಬು ಖಾಲಿ. ಕೊನೆಯ ಹತ್ತು ದಿನ ಹೇಗೆ ತಳ್ಳಲಿ?
— ಎಂ.ಕಾಂ. ವಿದ್ಯಾರ್ಥಿ, ತುಮಕೂರು

ಉತ್ತರ: ದುಡ್ಡು ಹೋಗುವುದು ಅಕ್ಕಿ–ಬೇಳೆಗಲ್ಲ; ರಾತ್ರಿ ಹತ್ತಕ್ಕೆ ಹಸಿದು ಮೊಬೈಲ್ ತೆಗೆಯುವುದಕ್ಕೆ. ಡೆಲಿವರಿ ಶುಲ್ಕ, ಪ್ಯಾಕಿಂಗ್ ಶುಲ್ಕ ಸೇರಿ ಒಂದು ರಾತ್ರಿಗೆ ಕೊಡುವ ಹಣದಲ್ಲಿ ಒಂದು ಕಿಲೊ ಬೇಳೆ ಬರುತ್ತದೆ. ಹಸಿವಾಗುವ ಮೊದಲೇ, ಸಂಜೆ ಏಳಕ್ಕೆ ಕುಕ್ಕರ್ ಇಟ್ಟುಬಿಡಿ. ತಿಂಗಳ ಹಣ ಬಂದ ದಿನವೇ ಕಿರಾಣಿ ತನ್ನಿ. ಡಬ್ಬಿಯಲ್ಲಿ ಅಕ್ಕಿ, ಬೇಳೆ, ಅವಲಕ್ಕಿ ಇದ್ದರೆ 20ರ ನಂತರ ಕೊಳ್ಳಲು ಉಳಿಯುವುದು ಹಾಲು, ತರಕಾರಿ ಮಾತ್ರ. ಪೊಟ್ಟಣ ಕೊಳ್ಳುವಾಗ ಎಂಆರ್‌ಪಿ ಪಕ್ಕದಲ್ಲೇ ಗ್ರಾಂಗೆ ಅಥವಾ ಕಿಲೊಗೆ ಎಷ್ಟು ಎಂದು ಮುದ್ರಿಸಿರುತ್ತಾರೆ, ಅದನ್ನು ಹೋಲಿಸಿ. ದೊಡ್ಡ ಪೊಟ್ಟಣವೆಲ್ಲ ಅಗ್ಗವಲ್ಲ. ತೀರಾ ಕೈ ಕಟ್ಟಿದ ದಿನ ಇಂದಿರಾ ಕ್ಯಾಂಟೀನ್ ಇದೆ. 2017ರಲ್ಲಿ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇಟ್ಟದ್ದು ನಿಮ್ಮಂಥವರಿಗೂ ಸೇರಿಯೇ. ಅಲ್ಲಿ ಸಾಲು ನಿಲ್ಲಲು ನಾಚಿಕೆ ಬೇಡ.

ಎಲ್ಲ ಪತ್ರಗಳಿಗೂ ಸಲ್ಲುವ ಒಂದು ಮಾತು: ಏಳು ದಿನವೂ ಅಡುಗೆ ಮಾಡುತ್ತೇನೆಂದು ಪಣ ತೊಟ್ಟವರು ಎರಡನೇ ವಾರಕ್ಕೆ ಸ್ಟವ್ ಮೂಲೆಗಿಡುತ್ತಾರೆ. ವಾರಕ್ಕೆ ಮೂರು ರಾತ್ರಿಯಿಂದ ಆರಂಭಿಸಿ, ಉಳಿದ ದಿನ ಮೆಸ್ಸಿಗೆ ಹೋಗಿ. ಬೇಳೆ, ಕಾಳು, ಅವಲಕ್ಕಿ ಈ ಮೂರನ್ನು ಚೆನ್ನಾಗಿ ಮಾಡಲು ಕಲಿತ ಮೇಲೆ ನಾಲ್ಕನೆಯದನ್ನು ಅಂಗಡಿಯಿಂದ ತನ್ನಿ.