ಕುದುರೆ ಏರಿದ ಹೆಂಗಸರು

ಅಕ್ಕ, ನೀವು ಯಾವತ್ತಾದರೂ ಕುದುರೆ ಹತ್ತಿದ್ದೀರಾ? ನಾನಂತೂ ಹತ್ತಿಲ್ಲ. ಜಾತ್ರೆಯಲ್ಲಿ ದೂರದಿಂದ ನೋಡಿದ್ದೇನೆ, ಅಷ್ಟೆ. ಮದುವೆ ಮೆರವಣಿಗೆಯಲ್ಲಿ ಗಂಡು ಕುದುರೆ ಏರುತ್ತಾನೆ. ಹೆಣ್ಣು ಕೆಳಗೆ ಕಳಸ ಹಿಡಿದು ನಡೆಯುತ್ತಾಳೆ.

ಈ ಪಾಠ ಕುದುರೆ ಏರಿದವರ ಪಾಠ. ಅವರ ದೇಶದ ಹೆಸರು ಮೆಕ್ಸಿಕೊ. ಬಹಳ ದೂರದ ದೇಶ. ನಮಗೆ ಹಗಲಾದಾಗ ಅವರಿಗೆ ರಾತ್ರಿ.

ದೂರದ ದೇಶ, ನಮಗೇನು ಅಂತೀರಾ? ಆ ಕಡೆಯ ವಸ್ತು ನಿಮ್ಮ ಮನೆಯಲ್ಲೇ ಇದೆ. ಸಾರಿಗೆ ಹಾಕುವ ಮೆಣಸಿನಕಾಯಿ ಮೊದಲು ಬೆಳೆದದ್ದು ಆ ಕಡೆ. ಮೆಕ್ಕೆಜೋಳವೂ ಅಲ್ಲಿಯದೇ. ಹೊಲದ ಬದುವಿನಲ್ಲಿ ಬೇಲಿಗೆ ನೆಡುವ ಕತ್ತಾಳೆಯೂ ಅಲ್ಲಿಯದೇ. ಕತ್ತಾಳೆ ಮಾತು ಮುಂದೆ ಮತ್ತೆ ಬರುತ್ತದೆ. ನೆನಪಿರಲಿ.

ಮೊದಲು ಆ ದೇಶದಲ್ಲಿ ಕುದುರೆ ಇರಲಿಲ್ಲ. 1519ರಲ್ಲಿ ಸ್ಪೇನ್ ದೇಶದ ದಂಡು ಹಡಗಿನಲ್ಲಿ ಬಂತು. ದಂಡಿನ ನಾಯಕ ಕೊರ್ಟೆಸ್. ಅವನ ಜೊತೆ 16 ಕುದುರೆಗಳಿದ್ದವು. ಅಲ್ಲಿಯ ಮೂಲ ಜನ ಅಂಥ ಪ್ರಾಣಿಯನ್ನು ಕಂಡೇ ಇರಲಿಲ್ಲ. 1521ರಲ್ಲಿ ಸ್ಪೇನಿನವರು ರಾಜಧಾನಿಯನ್ನು ಗೆದ್ದರು. ಮುಂದೆ 300 ವರ್ಷ ಆಳಿದರು.

ಆಳುವವರು ಒಂದು ಕಟ್ಟಳೆ ಮಾಡಿದರು. ಮೂಲ ಜನ ಅಪ್ಪಣೆ ಇಲ್ಲದೆ ಕುದುರೆ ಏರಬಾರದು. ಯಾಕೆ? ಕುದುರೆ ಏರಿದವನು ಎತ್ತರದಲ್ಲಿ ಕೂರುತ್ತಾನೆ. ಬೇಗ ಓಡುತ್ತಾನೆ. ಎದುರು ನಿಂತು ಮಾತಾಡುತ್ತಾನೆ. ಅದು ಅವರಿಗೆ ಬೇಡವಾಗಿತ್ತು. ನಮ್ಮ ದೇಶದಲ್ಲೂ ದಲಿತ ಮದುಮಗ ಕುದುರೆ ಏರಿದರೆ ಸಹಿಸದ ಊರುಗಳಿವೆ. ಪೇಪರಿನಲ್ಲಿ ಓದುತ್ತೇವಲ್ಲ.

ಆದರೆ ಕಟ್ಟಳೆ ಪೂರ್ತಿ ನಡೆಯಲಿಲ್ಲ. ಸ್ಪೇನಿನವರು ದನಗಳನ್ನೂ ತಂದಿದ್ದರು. ದನ ಸಾವಿರಗಟ್ಟಲೆ ಆದವು. ಧಣಿಗಳ ಜಮೀನು ಹತ್ತಾರು ಹಳ್ಳಿಯಷ್ಟು ದೊಡ್ಡದು. ಅಷ್ಟು ಬಯಲಲ್ಲಿ ನಡೆದುಕೊಂಡು ದನ ಕಾಯೋದು ಹೇಗೆ? ಕೊನೆಗೆ ಧಣಿಗಳೇ ಆಳುಗಳನ್ನು ಕುದುರೆ ಹತ್ತಿಸಿದರು. ತಮ್ಮ ಕೆಲಸ ಆಗಬೇಕಲ್ಲ!

ಹೀಗೆ ದನ ಕಾಯುತ್ತ ಸವಾರಿ ಕಲಿತವರಿಂದ ಒಂದು ದೊಡ್ಡ ವಿದ್ಯೆ ಬೆಳೆಯಿತು. ಆ ಸವಾರರಿಗೆ ಚಾರ್ರೊ ಎಂದು ಹೆಸರು. ತಲೆಗೆ ಮೊರದಷ್ಟು ಅಗಲದ ಟೋಪಿ. ಬಿಸಿಲಿಗೂ ಆಯಿತು, ಬಿದ್ದರೆ ತಲೆಗೆ ಪೆಟ್ಟು ತಪ್ಪಲೂ ಆಯಿತು. ಗಿಡ್ಡ ಕೋಟು, ಬಿಗಿ ಪ್ಯಾಂಟು. ಹಬ್ಬದ ಪ್ಯಾಂಟಿನ ಪಕ್ಕಕ್ಕೆ ಸಾಲಾಗಿ ಬೆಳ್ಳಿ ಗುಂಡಿ.

ಕೈಯಲ್ಲಿ ಹಗ್ಗ. ಓಡುವ ದನದ ಕೊರಳಿಗೋ ಕಾಲಿಗೋ ಕುಣಿಕೆ ಎಸೆದು ಹಿಡಿಯಬೇಕು. ಈ ಹಗ್ಗ ಯಾವುದರದು ಗೊತ್ತಾ? ಕತ್ತಾಳೆ ಜಾತಿಯ ಗಿಡದ ನಾರಿನದು. ನಮ್ಮಲ್ಲೂ ಕತ್ತಾಳೆ ಪಟ್ಟೆ ಕೊಯ್ದು, ನೀರಲ್ಲಿ ಕೊಳೆಹಾಕಿ, ಬಡಿದು ನಾರು ತೆಗೆಯುತ್ತಾರೆ. ನಾರನ್ನು ಒಣಗಿಸಿ ಹುರಿ ಹೊಸೆಯುತ್ತಾರೆ. ನಿಮ್ಮಲ್ಲಿ ಕೆಲವರ ಅಂಗೈಗೆ ಅದರ ಗಾಯ ಗೊತ್ತು. ಮೆಕ್ಸಿಕೊದ ಸವಾರನ ಹಗ್ಗವೂ ಅಂಥ ನಾರಿನದೇ. ಗಿಡ ಅಲ್ಲಿಂದ ನಮ್ಮ ಬದುವಿಗೆ ಬಂತು. ಕುದುರೆ ಹತ್ತುವ ಆಟ ಮಾತ್ರ ಬರಲಿಲ್ಲ.

ಇನ್ನು ಜಮೀನಿನ ಮಾತು. ಮೆಕ್ಸಿಕೊದಲ್ಲಿ ಭೂಮಿ ಎಲ್ಲ ಕೆಲವೇ ಧಣಿಗಳ ಕೈಯಲ್ಲಿತ್ತು. ಉಳುವವರಿಗೆ ಏನೂ ಇರಲಿಲ್ಲ. 1910ರಲ್ಲಿ ಕ್ರಾಂತಿ ಆಯಿತು. ಬಡ ರೈತರ ಒಬ್ಬ ನಾಯಕ ಎಮಿಲಿಯಾನೊ ಸಪಾಟಾ. ಅವನೂ ಚಾರ್ರೊ. ಕುದುರೆ ಪಳಗಿಸುವುದರಲ್ಲಿ ಹೆಸರುವಾಸಿ. ನಮ್ಮ ಹಳ್ಳಿಯ ಭೂಮಿ ನಮಗೆ ಕೊಡಿ ಎಂದು ಹೋರಾಡಿದ. 1919ರಲ್ಲಿ ಅವನನ್ನು ಮೋಸದಿಂದ ಕೊಂದರು.

ಆ ಯುದ್ಧದಲ್ಲಿ ಹೆಂಗಸರೂ ಇದ್ದರು. ಸೈನ್ಯದ ಹಿಂದೆ ನಡೆದರು. ರೊಟ್ಟಿ ತಟ್ಟಿದರು, ಗಾಯ ಕಟ್ಟಿದರು. ಕಂಕುಳಲ್ಲಿ ಮಗು ಇಟ್ಟುಕೊಂಡೇ ಮೂಟೆ ಹೊತ್ತರು. ಕೆಲವರು ಬಂದೂಕನ್ನೂ ಹಿಡಿದರು. ಅಲ್ಲಿಯ ಜನ ಅವರನ್ನು ಅದೆಲಿತಾ ಎಂಬ ಹೆಸರಿನಿಂದ ನೆನೆಯುತ್ತಾರೆ.

ಕ್ರಾಂತಿ ಆದಮೇಲೆ ದೊಡ್ಡ ಜಮೀನುಗಳನ್ನು ಒಡೆದು ಹಂಚಿದರು. ಇದು ಒಳ್ಳೆಯದೇ. ಆದರೆ ಸವಾರರ ಕೆಲಸ ಹೋಯಿತು. ಅನೇಕರು ಪಟ್ಟಣ ಸೇರಿದರು. ನಮ್ಮ ವಿದ್ಯೆ ಮರೆತುಹೋದೀತು ಎಂಬ ಚಿಂತೆ ಅವರಿಗೆ ಹತ್ತಿತು. 1921ರಲ್ಲಿ ಮೆಕ್ಸಿಕೊ ನಗರದಲ್ಲಿ ಒಂದು ಸಂಘ ಕಟ್ಟಿದರು. ಹೊಲದ ಕೆಲಸ ಹೀಗೆ ಅಖಾಡದ ಪಂದ್ಯ ಆಯಿತು.

ಆ ಅಖಾಡ ಬೀಗದ ಕೈ ತೂರಿಸುವ ತೂತಿನ ಆಕಾರದಲ್ಲಿರುತ್ತದೆ. ಮುಂದೆ 60 ಮೀಟರ್ ಉದ್ದದ ಓಣಿ. ಅದರ ತುದಿಗೆ 40 ಮೀಟರ್ ಅಗಲದ ದುಂಡು ಬಯಲು. ಓಡುವ ಕುದುರೆಯನ್ನು ಗಕ್ಕನೆ ನಿಲ್ಲಿಸುವುದು, ಹೋರಿ ಮೇಲೆ ಕೂರುವುದು, ಹಗ್ಗ ಎಸೆಯುವುದು, ಹೀಗೆ ಹಲವು ಪಂದ್ಯ. ಒಂದರ ಹೆಸರು ಸಾವಿನ ಹೆಜ್ಜೆ. ಸವಾರ ತನ್ನ ಓಡುವ ಕುದುರೆಯಿಂದ ಪಕ್ಕದಲ್ಲಿ ಓಡುವ ಪಳಗದ ಕುದುರೆ ಮೇಲೆ ಹಾರುತ್ತಾನೆ. ತಡಿ ಇಲ್ಲ, ಲಗಾಮು ಇಲ್ಲ.

ಎಲ್ಲವೂ ನನಗೆ ಇಷ್ಟ ಆಗಲಿಲ್ಲ. ಓಡುವ ಕುದುರೆಯ ಮುಂಗಾಲಿಗೆ ಕುಣಿಕೆ ಎಸೆದು ಬೀಳಿಸುವ ಪಂದ್ಯ ಇದೆ. ಮೂಕಪ್ರಾಣಿಗೆ ಯಾಕೆ ಈ ಪಾಡು? ಹೀಗೆ ಕೇಳಿದವರು ಅನೇಕರು. ಪಕ್ಕದ ಅಮೆರಿಕ ದೇಶದ ಕ್ಯಾಲಿಫೋರ್ನಿಯಾ ರಾಜ್ಯ 1994ರಲ್ಲಿ ಕುದುರೆ ಬೀಳಿಸುವುದನ್ನು ನಿಷೇಧ ಮಾಡಿತು.

ಈಗ ಹೆಂಗಸರ ಕಡೆ ಬರೋಣ.

ಅಖಾಡ ಬಹಳ ಕಾಲ ಗಂಡಸರದೇ ಆಗಿತ್ತು. ಹೆಂಗಸರು ಮೆಟ್ಟಿಲ ಮೇಲೆ ಕೂತು ಚಪ್ಪಾಳೆ ತಟ್ಟಬೇಕು. 1953ರ ಸುಮಾರಿಗೆ ಕುದುರೆ ಮೇಲೆ ಗುಂಪಾಗಿ ಕುಣಿಯುವ ಒಂದು ಆಟ ಶುರುವಾಯಿತು. ಮೊದಲು ಹುಡುಗರು ಹುಡುಗಿಯರು ಸೇರಿ ಆಡುತ್ತಿದ್ದರು. ಬರುಬರುತ್ತ ಅದು ಹೆಣ್ಣುಮಕ್ಕಳದ್ದೇ ಆಯಿತು. ಅದರ ಹೆಸರು ಎಸ್ಕರಮೂಸ. ಹಾಗೆಂದರೆ ಸಣ್ಣ ಕಾಳಗ.

ಒಂದು ತಂಡಕ್ಕೆ 8 ಜನ. ಹಾಡಿಗೆ ತಕ್ಕಂತೆ ಕುದುರೆ ಓಡಿಸುತ್ತಾರೆ. ನಾಲ್ವರು ಈ ಕಡೆಯಿಂದ, ನಾಲ್ವರು ಆ ಕಡೆಯಿಂದ ರಭಸವಾಗಿ ಬಂದು, ಒಬ್ಬರ ನಡುವೆ ಒಬ್ಬರು ತೂರಿ ದಾಟುತ್ತಾರೆ. ಒಂದು ಚಣ ತಡವಾದರೆ ಕುದುರೆಗೆ ಕುದುರೆ ಡಿಕ್ಕಿ. ಬಿದ್ದು ಕೈಕಾಲು ಮುರಿದುಕೊಂಡವರಿದ್ದಾರೆ. ಗಾಯ ಮಾಯ್ದ ಮೇಲೆ ಮತ್ತೆ ಹತ್ತಿದವರೂ ಇದ್ದಾರೆ.

ಅವರ ಉಡುಪು ಅದೆಲಿತಾ ಲಂಗ. ಯುದ್ಧಕ್ಕೆ ಹೋದ ಆ ಹೆಂಗಸರ ನೆನಪಿಗೆ. ಕತ್ತಿನವರೆಗೆ ಮುಚ್ಚಿದ ರವಿಕೆ, ಹಿಮ್ಮಡಿ ಮುಟ್ಟುವ ಲಂಗ, ಒಳಗೆ ಪದರ ಪದರ ಒಳಲಂಗ. ಮತ್ತೊಂದು ಮಾತು. ಅವರು ಗಂಡಸರ ಹಾಗೆ ಕಾಲು ಅಗಲಿಸಿ ಕೂರುವ ಹಾಗಿಲ್ಲ. ಎರಡು ಕಾಲೂ ಎಡಗಡೆಗೆ!

ನಮ್ಮ ಕೇಂದ್ರದಲ್ಲಿ ಇದರ ಚಿತ್ರ ತೋರಿಸಿದೆ. ಒಬ್ಬ ಅಜ್ಜಿ ಕೇಳಿದರು, "ಹಂಗೆ ಕೂತ್ರೆ ಬೀಳಾಕಿಲ್ವಾ?" ಸೀರೆ ಉಟ್ಟು ಬೈಕಿನ ಹಿಂದೆ ಹೀಗೇ ಕೂರುತ್ತೀವಲ್ಲ ಅಂತ ಇನ್ನೊಬ್ಬರು ಅಂದರು. "ಅಲ್ಲಿ ಓಡ್ಸೋದು ಗಂಡ. ಇಲ್ಲಿ ಓಡ್ಸೋದು ಇವಳೇ" ಅಂದರು ಅಜ್ಜಿ. ಎಲ್ಲರೂ ನಕ್ಕರು. ಅಜ್ಜಿ ಪ್ರಶ್ನೆಗೆ ಉತ್ತರ ಇದು: ತಡಿಯಲ್ಲಿ ಒಂದು ಕೊಂಬು ಇದೆ. ಬಲಗಾಲನ್ನು ಅದಕ್ಕೆ ಸಿಕ್ಕಿಸಿ ಬಿಗಿ ಹಿಡಿಯುತ್ತಾರೆ. ಎಡಗಾಲು ರಿಕಾಪಿನಲ್ಲಿ. ಕುದುರೆಗೆ ತಿವಿಯುವ ಮುಳ್ಳು ಎಡ ಬೂಟಿಗೆ ಮಾತ್ರ.

ಪಂದ್ಯಕ್ಕೆ ಮೊದಲು ತೀರ್ಪುಗಾರರು ಉಡುಪು ನೋಡುತ್ತಾರೆ. ತಪ್ಪಿದ್ದರೆ ಅಂಕ ಹೋಯಿತು. ಗಂಡಸರಿಗೆ ಒಂಬತ್ತು ಪಂದ್ಯ, ಹೆಂಗಸರಿಗೆ ಮುಖ್ಯವಾಗಿ ಇದೊಂದೇ. ಇದು ಸಾಲದು ಅನ್ನುವವರಿದ್ದಾರೆ. ಇದೇ ಚೆಂದ ಅನ್ನುವವರೂ ಇದ್ದಾರೆ. ಕುದುರೆ ಸಾಕಲು ದುಡ್ಡು ಬೇಕು. ಅದಕ್ಕೇ ಬಡವರ ಮಕ್ಕಳಿಗೆ ಈ ಆಟ ಸುಲಭವಲ್ಲ.

2016ರಲ್ಲಿ ಯುನೆಸ್ಕೊ ಸಂಸ್ಥೆ ಚಾರ್ರೊಗಳ ಈ ಸವಾರಿ ವಿದ್ಯೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಇದನ್ನು ಮನೆಯಲ್ಲೇ ಕಲಿಸುತ್ತಾರೆ. ಅಪ್ಪ ಮಗನಿಗೆ ಹಗ್ಗ ಬೀಸುವುದನ್ನು ಕಲಿಸುತ್ತಾನೆ. ಅಮ್ಮ ಮಗಳನ್ನು ತಡಿ ಮೇಲೆ ಕೂರಿಸಿ, ಬಲಗಾಲನ್ನು ಕೊಂಬಿಗೆ ಸಿಕ್ಕಿಸಿ, ಲಗಾಮು ಕೈಗೆ ಕೊಡುತ್ತಾಳೆ.

ಮಾತಾಡಿ, ಆಮೇಲೆ ಬರೆಯಿರಿ

ಕತ್ತಾಳೆ ನಾರಿನಿಂದ ನಿಮ್ಮ ಊರಲ್ಲಿ ಏನೇನು ಮಾಡುತ್ತಿದ್ದರು?

ಮೂಲ ಜನ ಕುದುರೆ ಏರಬಾರದು ಎಂದು ಯಾರು, ಯಾಕೆ ಹೇಳಿದರು?

ಎರಡು ಕಾಲೂ ಒಂದೇ ಕಡೆ ಇಟ್ಟು ಕೂರಬೇಕು ಎಂಬ ನಿಯಮ ನಿಮಗೆ ಸರಿ ಕಾಣುತ್ತದಾ?