ಹಂದಿಗೋಡು ಕಾಯಿಲೆ: ಗದ್ದೆಯ ವಿಷವೋ, ವಂಶವಾಹಿಯೋ?

ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಗೋಚರಕ್ಕೆ ಬಂದು, ಅನಂತರ ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿಯೂ ಕಂಡುಬಂದ ಈ ದಾರುಣ ವ್ಯಾಧಿಯು, ಸೊಂಟ ಹಾಗೂ ಮೊಣಕಾಲಿನ ಕೀಲುಗಳನ್ನು ಸವೆಸಿ, ಕೆಲವರಲ್ಲಿ ದೇಹವನ್ನೇ ಕುಬ್ಜಗೊಳಿಸುವಂಥದ್ದು. ಬಾಧಿತರು ಬಹುತೇಕ ಚನ್ನಂಗಿ, ಛಲವಾದಿ ಸಮುದಾಯಗಳ ಕೃಷಿಕೂಲಿಗಳು; ಭತ್ತದ ಪೈರಿಗೆ ಸಿಂಪಡಿಸಿದ ಕೀಟನಾಶಕವು ಗದ್ದೆಯ ಏಡಿಯ ಮೂಲಕ ಅವರ ಶರೀರವನ್ನು ಹೊಕ್ಕಿತೆಂದು ಆದಿಯಲ್ಲಿ ಶಂಕಿಸಲಾಯಿತು. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೇ ಮೊದಲಾದವುಗಳ ಅಧ್ಯಯನಗಳು ಇದನ್ನು ಪ್ರಬಲ ವಂಶವಾಹಿಯಿಂದ ಸಂಕ್ರಮಿಸುವ ಅಸ್ಥಿವಿಕಾರವೆಂದು ತೋರಿದವು: ತಾಯಿತಂದೆಯರಲ್ಲೊಬ್ಬರು ಬಾಧಿತರಾದರೆ ಪ್ರತಿಯೊಂದು ಶಿಶುವಿಗೂ ಶೇಕಡಾ 50ರಷ್ಟು ಸಂಭವವುಂಟು. ಹೀಗೆಂದ ಮಾತ್ರಕ್ಕೆ ಆ ಬಡ ಕುಟುಂಬಗಳ ಶುಶ್ರೂಷೆಯ ಹೊಣೆಯಿಂದ ಸರಕಾರವು ಮುಕ್ತವಾಗದು. ಕೀಟನಾಶಕದ ಆ ಹಳೆಯ ಶಂಕೆಯಿಂದಾಗಿ ಈ ಕಾಯಿಲೆಯನ್ನು ಕಾಸರಗೋಡಿನ ಎಂಡೋಸಲ್ಫಾನ್ ಕೀಟನಾಶಕದ ದುರಂತದೊಡನೆ ಬೆರೆಸಲಾಗದು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷವನ್ನು ಸರ್ವೋಚ್ಚ ನ್ಯಾಯಾಲಯವು 2011ರ ಮೇ 13ರಂದು ಮಧ್ಯಂತರ ಆದೇಶದಿಂದ ದೇಶಾದ್ಯಂತ ನಿಷೇಧಿಸಿತು.